ನಾಲಿಗೆಯಡಿಯ ಹತ್ತು ನಿಮಿಷ

ಶೆಟ್ಟಿಹಳ್ಳಿಯಲ್ಲಿ ನನಗೆ ಮೈಕ್ ಸರಳಾ ಎಂದು ಹೆಸರಿಟ್ಟವರು ನಮ್ಮ ಯಜಮಾನರೇ. ಮದುವೆಯಾದ ಹೊಸದರಲ್ಲಿ ತಮಾಷೆಗೆ ಅಂದದ್ದು ಊರಿಗೆಲ್ಲ ಹಬ್ಬಿತು. ಈಗ ನನ್ನ ಟೈಲರಿಂಗ್ ಅಂಗಡಿಯ ಬೋರ್ಡನ್ನು ಯಾರೂ ಓದುವುದಿಲ್ಲ, ಮೈಕ್ ಅಕ್ಕನ ಅಂಗಡಿ ಎಲ್ಲಿ ಎಂದೇ ಕೇಳಿಕೊಂಡು ಬರುತ್ತಾರೆ. ನನಗೇನೂ ಬೇಸರವಿಲ್ಲ. ನೀರಿನ ಟ್ಯಾಂಕರ್ ಬರದಿದ್ದಾಗ, ಬೀದಿದೀಪ ಕೆಟ್ಟಾಗ ಎಲ್ಲರಿಗೂ ಇದೇ ಬಾಯಿ ಬೇಕಾಗುತ್ತದೆ.

2017ರಲ್ಲಿ ಈ ಬಾಯಿ ಒಂದು ದೊಡ್ಡ ತಪ್ಪು ಮಾಡಿತು. ಎರಡು ದಿನ ಬಿಟ್ಟು ಅದೇ ಬಾಯಿ ಒಂದು ಕೆಲಸಕ್ಕೂ ಬಂತು. ಎರಡನ್ನೂ ಹೇಳಿಬಿಡುತ್ತೇನೆ.

ಆ ವರ್ಷ ಶ್ರಾವಣ ಶುರುವಾದ ವಾರ ನನ್ನ ಅಂಗಡಿಯ ಎದುರಿಗೇ ಒಂದು ಸೆಂಟರ್ ತೆರೆದರು. ಕಟ್ಟಡ ಮುನಿಯಲ್ಲಪ್ಪನವರದು. ಅವರು ನಮ್ಮ ಮಾವನವರ ಅಣ್ಣ, ನನಗೆ ದೊಡ್ಡಮಾವ, ಹಳೇ ಊರಿನವರಿಗೆಲ್ಲ ಯಜಮಾನರು. ಮೊದಲು ಅಲ್ಲಿ ಹಿಟ್ಟಿನ ಗಿರಣಿ ಇತ್ತು. ಗಿರಣಿ ಹೋಗಿ ಸುಣ್ಣ ಬಳಿದ ಎರಡು ಕೋಣೆಗಳಾದವು, ಬಾಗಿಲ ಬಳಿ ಬೆಂಚು ಬಂತು, ಬೆಳಿಗ್ಗೆ ಒಂಬತ್ತಕ್ಕೆ ಬರುವ ನರ್ಸ್ ಬಂದಳು. ಅವಳ ಹೆಸರು ತಾಹೆರಾ. ಹಿಂದೆಯೇ ಗಂಡಸರ ಒಂದು ಸಾಲು. ಕೆಲವರು ತೀರಾ ಸಣಕಲು, ಕೆಲವರು ನೋಡಿದರೆ ಬ್ಯಾಂಕಿಗೆ ಹೋಗುವವರ ಹಾಗಿದ್ದರು.

ಏನಪ್ಪಾ ಇದು ಎಂದು ವಿಚಾರಿಸಿದಾಗ ಸುದ್ದಿ ಹೊರಬಿತ್ತು. ಸೂಜಿಯಲ್ಲಿ ಡ್ರಗ್ಸ್ ಚುಚ್ಚಿಕೊಳ್ಳುವವರಿಗೆ ಅಲ್ಲಿ ದಿನಾ ಒಂದು ಮಾತ್ರೆ ಕೊಡುತ್ತಾರೆ, ಚಟ ಬಿಡಿಸುವುದಕ್ಕೆ. ಅದನ್ನು ನರ್ಸ್ ಎದುರಿಗೇ ತೆಗೆದುಕೊಳ್ಳಬೇಕು. ಇನ್ನೂ ಬಿಡಲಾಗದವರು ಹಳೇ ಸೂಜಿ ತಂದುಕೊಟ್ಟರೆ ಹೊಸ ಸೂಜಿಯನ್ನೂ ಕೊಡುತ್ತಾರೆ. ಸೂಜಿ ಕೊಡುತ್ತಾರೆ! ನನ್ನ ಮೈಯೆಲ್ಲ ಉರಿದುಹೋಯಿತು. ಏಕೆಂದರೆ ಯುಗಾದಿಯ ದಿನ ಬೇವಿನಸೊಪ್ಪು ಕೀಳಲು ಅಂಗಡಿಯ ಹಿಂದಿನ ಖಾಲಿ ಸೈಟಿಗೆ ಹೋಗಿದ್ದೆ. ಆಗ ಒಂದು ಸಿರಿಂಜಿನ ಸೂಜಿ ನನ್ನ ಚಪ್ಪಲಿಯನ್ನು ತೂರಿಕೊಂಡು ಮೇಲೆ ಬಂದಿತ್ತು. ಕಾಲಿಗೆ ಕೂದಲೆಳೆಯಷ್ಟು ದೂರ. ಆ ಚಪ್ಪಲಿಯನ್ನು ನಾನು ಎಸೆದಿರಲಿಲ್ಲ, ಸಾಕ್ಷಿಗೆ ಅಂಗಡಿಯಲ್ಲೇ ಇಟ್ಟುಕೊಂಡಿದ್ದೆ.

ಗಣೇಶನ ಹಬ್ಬ ಮುಗಿದದ್ದೇ ತಡ, ಸೆಂಟರ್ ಮುಚ್ಚಿಸಬೇಕೆಂದು ಸಹಿ ಸಂಗ್ರಹಕ್ಕೆ ಇಳಿದೆ. ಮೊದಲ ಸಹಿ ನನ್ನದು. ಎಂಟು ದಿನಕ್ಕೆ ಇನ್ನೂರ ಹನ್ನೆರಡು ಸಹಿ! ಪ್ರತಿ ಮನೆಯ ಬಾಗಿಲಲ್ಲೂ ಚಪ್ಪಲಿ ತೋರಿಸಿದೆ. ಹೊಸ ಲೇಔಟಿನ ಸಂಘದ ಅಧ್ಯಕ್ಷರು ನಂದಕುಮಾರ್ ಅಂತ, ಅವರು ವಾಟ್ಸಾಪಿನಲ್ಲಿ ಬಂದ ಒಂದು ವಿಡಿಯೋ ಎಲ್ಲರಿಗೂ ಕಳಿಸಿದರು. ಯಾವುದೋ ಹೊರದೇಶದಲ್ಲಿ ಕೋಣೆಯೊಳಗೆ ಕೂತು, ನರ್ಸ್ ನೋಡುತ್ತಿರುವಾಗಲೇ ಜನ ಚುಚ್ಚಿಕೊಳ್ಳುವ ವಿಡಿಯೋ. "ಇವತ್ತು ಮಾತ್ರೆ ಮೇಡಂ, ನಾಳೆ ಇದೇ ಶೆಟ್ಟಿಹಳ್ಳೀಲಿ ಇಂಥ ರೂಮು" ಎಂದರು. ನಾನು ಇನ್ನಷ್ಟು ಕೆರಳಿದೆ.

ಪಟ್ಟಿಯನ್ನು ದೊಡ್ಡಮಾವನ ಮುಂದಿಟ್ಟಾಗ ಅವರು ಕನ್ನಡಕ ಹಾಕಿ ಪ್ರತಿ ಹೆಸರನ್ನೂ ಓದಿದರು. "ಭಾನ್ವಾರ ಅತ್ತು ಗಂಟೆಗೆ ಕಟ್ಟೆ ಮೇಲೆ ಸೇರೋಣ. ಅವ್ರದ್ದೂ ಕೇಳ್ಬೇಕು. ಮೂರು ಸಲ ಕೇಳ್ತೀನಿ" ಎಂದರು.

ಅದು ನಮ್ಮ ಊರಿನ ಹಳೇ ಪದ್ಧತಿ. ಬೇವಿನ ಕಟ್ಟೆಯ ಮೇಲೆ ನ್ಯಾಯಕ್ಕೆ ಕೂತಾಗ, ಯಾರ ಮೇಲೆ ದೂರು ಬಂದಿದೆಯೋ ಅವರ ಕಡೆಯವರನ್ನು ಯಜಮಾನರು ಮೂರು ಸಲ ಮಾತಾಡು ಎನ್ನುತ್ತಾರೆ. ಮೂರಕ್ಕೂ ಬಾಯಿ ಬಿಡದಿದ್ದರೆ ಒಪ್ಪಿಕೊಂಡಂತೆ. ಆಮೇಲೆ ಎಷ್ಟು ಅತ್ತರೂ ಕೇಳುವವರಿಲ್ಲ. ಊರು ನಗರಪಾಲಿಕೆಗೆ ಸೇರಿ ಎಷ್ಟೋ ವರ್ಷವಾಯಿತು, ಆದರೆ ದೊಡ್ಡಮಾವ ಆ ಮೂರು ಸಲವನ್ನು ಬಿಟ್ಟವರಲ್ಲ.

ನನಗೆ ಭಾನುವಾರದವರೆಗೆ ತಡೆಯುವ ತಾಳ್ಮೆ ಎಲ್ಲಿಂದ ಬರಬೇಕು? ಶುಕ್ರವಾರ ಬೆಳಿಗ್ಗೆಯೇ ಸಹಿ ಹಾಳೆಗಳನ್ನು ಹಿಡಿದು ಸೆಂಟರಿಗೆ ನುಗ್ಗಿದೆ.

ಒಳಗೆ ಗೋಡೆಗುಂಟ ಏಳು ಜನ ಕೂತಿದ್ದರು, ಆರು ಗಂಡಸರು, ಒಬ್ಬಳು ಹೆಂಗಸು. ತಾಹೆರಾ ಕಿಟಕಿಯ ಆಚೆ ಏನನ್ನೋ ಪುಡಿ ಮಾಡುತ್ತಿದ್ದಳು. "ಮೇಡಂ, ಹತ್ತು ನಿಮಿಷ..." ಎಂದಳು. ಹತ್ತು ಸೆಕೆಂಡೂ ಕಾಯುವುದಿಲ್ಲ ಎಂದೆ. ಶುರುಮಾಡಿದೆ ನೋಡಿ! ನಾಚಿಕೆ ಆಗಲ್ವಾ ಎಂದೆ. ಮಕ್ಕಳು ಓಡಾಡೋ ಬೀದಿ ಇದು ಎಂದೆ. ಚಪ್ಪಲಿ ತೋರಿಸಿದೆ. ನಿಮ್ಮನ್ನು ಹೆತ್ತವರು ಏನು ಪಾಪ ಮಾಡಿದ್ದರು ಎಂದೂ ಕೇಳಿಬಿಟ್ಟೆ. ಏಳು ಜನರೂ ತುಟಿ ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು. ಒಬ್ಬರಾದರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನನಗೆ ಸಿಟ್ಟು ಇನ್ನೂ ನೆತ್ತಿಗೇರಿತು. "ನೋಡಿ ಸಿಸ್ಟರ್, ಉತ್ತರ ಇದ್ಯಾ ಇವ್ರ ಹತ್ರ? ತಪ್ಪು ಮಾಡಿದೋರಿಗೆ ಎಲ್ಲಿಂದ ಬರುತ್ತೆ ಮಾತು!" ಎಂದು ಗೆದ್ದವಳ ಹಾಗೆ ಕೈಕಟ್ಟಿ ನಿಂತೆ.

ಆಗ ಮೇಜಿನ ಮೇಲಿದ್ದ ಅಡುಗೆಮನೆಯ ಟೈಮರ್ ಟಿಣ್ ಎಂದಿತು.

ಏಳೂ ಬಾಯಿಗಳು ಒಟ್ಟಿಗೆ ತೆರೆದುಕೊಂಡವು. ತಾಹೆರಾ ಸಣ್ಣ ಟಾರ್ಚ್ ಹಿಡಿದು ಒಬ್ಬೊಬ್ಬರ ನಾಲಿಗೆ ಎತ್ತಿಸಿ ನೋಡುತ್ತ ಬಂದಳು. ನಾನು ಕಣ್ಣು ಬಿಟ್ಟು ನಿಂತೆ. ಮೂಲೆಯಲ್ಲಿದ್ದವನು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ:

"ಅಕ್ಕ, ನಿಮ್ ದೊಡ್ಡ ಮೆಷಿನ್ನಿನ ಮೋಟರ್ ಈಗ್ಲೂ ಸದ್ದು ಮಾಡುತ್ತಾ?"

ಮುರುಗೇಶ! ನನ್ನ ಹೊಲಿಗೆ ಮೆಷಿನ್ನುಗಳಿಗೆಲ್ಲ ಅವನೇ ಮೆಕ್ಯಾನಿಕ್ ಆಗಿದ್ದ. ಹಳೇ ಊರಿನ ಮುನಿಯಣ್ಣನ ಮಗ, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಎರಡು ವರ್ಷದಿಂದ ಕಾಣೆಯಾಗಿದ್ದ, ಹೊಸೂರಿಗೆ ಹೋದನೆಂದು ಯಾರೋ ಹೇಳಿದ್ದರು. ಗುರುತೇ ಸಿಗದಷ್ಟು ಇಳಿದುಹೋಗಿದ್ದ.

ತಾಹೆರಾ ನನ್ನನ್ನು ಕೂರಿಸಿ ನೀರು ಕೊಟ್ಟಳು. ಮಾತ್ರೆಯನ್ನು ಪುಡಿ ಮಾಡಿ ನಾಲಿಗೆಯ ಅಡಿಗೆ ಹಾಕುತ್ತಾರಂತೆ. ಹತ್ತು ನಿಮಿಷ ಬಾಯಿ ತೆರೆಯಬಾರದು, ನುಂಗಬಾರದು. ನುಂಗಿದರೆ ಹೊಟ್ಟೆಗೆ ಹೋಗಿ ವ್ಯರ್ಥ, ಆವತ್ತಿಗೆ ಇನ್ನೊಂದು ಕೊಡುವ ಹಾಗಿಲ್ಲ. ಅದಕ್ಕೇ ನನ್ನ ಬೈಗುಳವನ್ನೆಲ್ಲ ಅವರು ಬಾಯಿ ಮುಚ್ಚಿಕೊಂಡು ಕೇಳಿದ್ದು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಸುಮ್ಮನಾಗದೆ ಆ ವಿಡಿಯೋ ಬಗ್ಗೆ ಕೇಳಿದೆ.

"ಅಂಥ ರೂಮು ನಮ್ಮಲ್ಲಿಲ್ಲ ಮೇಡಂ. ಇಲ್ಲಿ ಚುಚ್ಕೊಳ್ಳೋಕೆ ಬಿಡಲ್ಲ" ಎಂದಳು ತಾಹೆರಾ. ಆಮೇಲೆ, "ಆದ್ರೆ ನಂಗೊತ್ತಿದ್ದ ಇಬ್ರು ಖಾಲಿ ಸೈಟಲ್ಲಿ ಒಬ್ಬೊಬ್ರೇ ಹೋಗ್ಬಿಟ್ರು. ಪಕ್ಕದಲ್ಲಿ ನರ್ಸ್ ಇದ್ದಿದ್ರೆ ಉಳೀತಿದ್ರು ಅಂತ ನಂಗೆ ಅನ್ಸುತ್ತೆ. ನಿಮಗೆ ಹಂಗೆ ಅನ್ನಿಸ್ಬೇಕು ಅಂತೇನಿಲ್ಲ" ಎಂದಳು.

ನನಗೆ ಇವತ್ತಿಗೂ ಹಾಗೆ ಪೂರ್ತಿ ಅನ್ನಿಸುವುದಿಲ್ಲ. ಆದರೆ ಅವತ್ತು ಜಗಳಕ್ಕೆ ಇಳಿಯದೆ ಸಹಿ ಹಾಳೆಗಳನ್ನು ಮಡಚಿಕೊಂಡು ಎದ್ದು ಬಂದೆ.

ಶನಿವಾರ ಮುರುಗೇಶ ಕರೆಯದೇ ಅಂಗಡಿಗೆ ಬಂದು ಮೋಟರ್ ಬಿಚ್ಚಿದ. ಕೆಲಸ ಮಾಡುತ್ತಲೇ ಹೇಳಿದ. ಫ್ಯಾಕ್ಟರಿಯಲ್ಲಿ ಏಣಿಯಿಂದ ಬಿದ್ದು ಬೆನ್ನು ಹೋಗಿತ್ತಂತೆ. ಮೊದಲು ನೋವಿನ ಮಾತ್ರೆ, ಅದು ಸಾಲದೆ ಸೂಜಿ. ಕೆಲಸ ಹೋಯಿತು, ಹೆಂಡತಿ ಮಾಲಾ ಮಗಳನ್ನು ಕರೆದುಕೊಂಡು ತಾಯಿಯ ಮನೆ ಸೇರಿದಳು. ಈಗ ಸೂಜಿ ಮುಟ್ಟದೆ ನಲವತ್ತೆಂಟು ದಿನ. ಹಳೇ ಸೂಪರ್‌ವೈಸರ್ ಒಂದು ತಿಂಗಳು ನೋಡೋಣ ಎಂದು ಮತ್ತೆ ಕೆಲಸಕ್ಕೆ ಕರೆದಿದ್ದಾರೆ, ಬೆಳಿಗ್ಗೆ ಹತ್ತಕ್ಕೆ ಶುರುವಾಗುವ ಶಿಫ್ಟ್. ಮಾಲಾ ಮೊನ್ನೆ ಬಂದು ಹಾಲು ಕಾಯಿಸಿ ಹೋಗಿದ್ದಾಳೆ, ಉಳಿದುಕೊಂಡಿಲ್ಲ.

"ಇಲ್ಲಿ ಮುಚ್ಚಿದ್ರೆ ದೊಡ್ಡಾಸ್ಪತ್ರೆಗೆ ಹೋಗ್ಬೇಕು ಅಕ್ಕ. ಎರಡು ಬಸ್ಸು, ಆಮೇಲೆ ಕ್ಯೂ. ವಾಪಸ್ ಬರೋಷ್ಟ್ರಲ್ಲಿ ಮಧ್ಯಾಹ್ನ. ಮೊದ್ಲು ಕೆಲಸ ಹೋಗುತ್ತೆ. ಮಾತ್ರೆ ಮೂರು ದಿನ ತಪ್ಪಿದ್ರೆ ಮೂಳೆಮೂಳೆ ಹಿಂಡಿದಂಗಾಗುತ್ತೆ, ಆಮೇಲೆ ನಾನು ಎಲ್ಲಿಗೆ ಹೋಗ್ತೀನಿ ಅಂತ ನಂಗೇ ಗೊತ್ತು."

ಇನ್ನೂರ ಹನ್ನೆರಡು ಜನರ ಸಹಿ ಹಾಕಿಸಿದವಳು ನಾನು. ಈಗ ಯಾವ ಮುಖ ಇಟ್ಟುಕೊಂಡು ಬೇಡ ಅನ್ನಲಿ? ಅವನೇ ನನ್ನನ್ನು ಪಾರುಮಾಡಿದ.

"ನೀವು ನಿಮ್ ಪೇಪರ್ ಓದಿ ಅಕ್ಕ. ನಾಳೆ ನನ್ ಮಾತು ನಾನೇ ಆಡ್ತೀನಿ. ಮಾಲಾನೂ ಬರ್ತಾಳೆ ಕೇಳೋಕೆ. ರಾತ್ರಿಯೆಲ್ಲ ಬಾಯಿಪಾಠ ಮಾಡ್ಕೊಂಡಿದೀನಿ."

ಸರಿ ಎಂದೆ. ಮಾತು ವಾಪಸ್ ತೆಗೆದುಕೊಳ್ಳುವ ಅವಮಾನ ತಪ್ಪಿತಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು. ಹೇಡಿತನ ಅಂದರೆ ಇದೇ, ಬೇರೆ ಹೆಸರು ಕೊಡಲಾರೆ.

ಭಾನುವಾರ ಎಲ್ಲ ತಲೆಕೆಳಗಾಯಿತು. ಸಭೆ ಹತ್ತಕ್ಕೆ ಅಂದಿದ್ದ ದೊಡ್ಡಮಾವ ಒಂಬತ್ತೂವರೆಗೆ ಬಿಳಿ ಪಂಚೆ ಉಟ್ಟು ಕಟ್ಟೆಯ ಮೇಲೆ ಕೂತೇಬಿಟ್ಟಿದ್ದರು. ಬಾಗಲೂರಿನ ಬೀಗರ ಮನೆಯಲ್ಲಿ ಪಿತೃಪಕ್ಷದ ಎಡೆ, ಬೇಗ ಹೊರಡಬೇಕಂತೆ. ಸೆಂಟರಿನ ಪರವಾಗಿ ಮಾತಾಡಬೇಕಿದ್ದ ಡಾಕ್ಟರು ಹೆಬ್ಬಾಳದ ಫ್ಲೈಓವರಿನ ಮೇಲೆ ಸಿಕ್ಕಿಹಾಕಿಕೊಂಡಿದ್ದರು. ಅರವತ್ತು ಎಪ್ಪತ್ತು ಜನ ಆಗಲೇ ಸೇರಿದ್ದರು. ಕಟ್ಟೆಗೂ ಸೆಂಟರಿನ ಬಾಗಿಲಿಗೂ ನಡುವೆ ಇಪ್ಪತ್ತು ಹೆಜ್ಜೆ. ತೆರೆದ ಬಾಗಿಲಲ್ಲಿ ಬೆಂಚೂ ಕಾಣುತ್ತಿತ್ತು, ಟೈಮರಿಟ್ಟ ಮೇಜೂ ಕಾಣುತ್ತಿತ್ತು.

ಮೊದಲು ನಂದಕುಮಾರ್ ಎದ್ದರು. ವಿಡಿಯೋ ವಿಚಾರ ಹೇಳಿದರು, ಸೈಟಿನ ರೇಟು ಬೀಳುತ್ತದೆ ಎಂದರು, ಮಕ್ಕಳು ಹಾಳಾಗುತ್ತಾರೆ ಎಂದರು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ನನ್ನ ಸರದಿ. ನಾನು ಮನವಿಯನ್ನು ಓದತೊಡಗಿದೆ, ದನಿ ಮುಂದಿನ ಸಾಲಿಗೂ ಕೇಳದಷ್ಟು ಸಣ್ಣದಾಗಿತ್ತು. "ಏನ್ರೀ, ಮೈಕ್ ಕೆಟ್ಟೋಗಿದ್ಯಾ?" ಎಂದು ಹಿಂದಿನಿಂದ ಯಾರೋ ಕೂಗಿ ಎಲ್ಲರೂ ನಕ್ಕರು. ಓದುತ್ತಲೇ ಓರೆಗಣ್ಣಿನಲ್ಲಿ ನೋಡಿದೆ. ತನ್ನನ್ನು ಕರೆಯುವುದು ಹತ್ತರ ಮೇಲೆಯೇ ಅಂದುಕೊಂಡ ಮುರುಗೇಶ ಕಿಟಕಿಯ ಮುಂದೆ ತಲೆ ಎತ್ತಿ ಬಾಯಿ ತೆರೆದಿದ್ದ. ತಾಹೆರಾ ಪುಡಿ ಹಾಕಿದಳು, ಟೈಮರ್ ತಿರುಗಿಸಿದಳು. ಇನ್ನು ಹತ್ತು ನಿಮಿಷ ಅವನು ಮಾತಾಡುವ ಹಾಗಿಲ್ಲ.

"ಅವ್ರ ಕಡೆಯಿಂದ ಮಾತಾಡೋರು ಯಾರು?" ಎಂದರು ದೊಡ್ಡಮಾವ. ತಾಹೆರಾ ಕಿಟಕಿಯಿಂದ ಏನೋ ಹೇಳಹೋದಳು. "ನೀವು ಸಂಬಳಕ್ಕಿರೋರು ಸುಮ್ನಿರಮ್ಮ. ಔಷಧಿ ತಗೊಳ್ಳೋರು ಏಳ್ಲಿ" ಎಂದು ಕೈ ಎತ್ತಿ ತಡೆದರು. ಬೆಂಚಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. "ಅವ್ನು ನಮ್ಮ ಮುನಿಯಣ್ಣನ ಮಗ ಅಲ್ವೇನೋ? ಬಾರಯ್ಯ ಈಚೆಗೆ. ಮಾತಾಡು."

ಒಂದು ಸಲ.

ಮುರುಗೇಶ ಎದ್ದು ಹೊಸ್ತಿಲವರೆಗೆ ಬಂದ. ತುಟಿ ಬಿಗಿದುಕೊಂಡಿತ್ತು. ಜನರಲ್ಲಿ ಗುಸುಗುಸು ಎದ್ದಿತು. ನೋಡ್ರೀ, ಮಾತೇ ಇಲ್ಲ. ನಾನು ಶುಕ್ರವಾರ ಆಡಿದ ಮಾತೇ ಅವರೆಲ್ಲರ ಬಾಯಲ್ಲಿ.

"ಊರು ಕೇಳ್ತೈತೆ, ಮಾತಾಡಪ್ಪ."

ಎರಡು ಸಲ.

ಗುಂಪಿನ ಅಂಚಿನಲ್ಲಿ ಮಗಳ ಕೈ ಹಿಡಿದು ನಿಂತಿದ್ದ ಮಾಲಾ ತಡೆಯಲಾರದೆ ಕೂಗಿದಳು: "ಮಾತಾಡ್ರೀ! ಏನಾದ್ರೂ ಮಾತಾಡ್ರೀ!" ಮುರುಗೇಶ ಅವಳ ಕಡೆ ನೋಡಿದ. ಟೈಮರಿನ ಕಡೆ ನೋಡಿದ. ಮಾತಾಡಿದರೆ ಇವತ್ತಿನ ಔಷಧಿ ಹಾಳು, ಮಾತಾಡದಿದ್ದರೆ ನಾಳೆಯಿಂದ ಔಷಧಿಯೇ ಇಲ್ಲ. ಅವನ ತುಟಿ ಬಿರಿಯಿತು.

"ಬಾಯಿ ಮುಚ್ಕೊ ಮುರುಗೇಶ!"

ಅರಚಿದವಳು ನಾನೇ. ಬೇವಿನ ಮರದ ಕಾಗೆಗಳು ಹಾರಿಹೋದವು. ಅವನು ಗಾಬರಿಯಲ್ಲಿ ಗಬಕ್ಕನೆ ಬಾಯಿ ಮುಚ್ಚಿದ. ಎಪ್ಪತ್ತು ತಲೆಗಳು ನನ್ನ ಕಡೆ ತಿರುಗಿದವು. ನಂದಕುಮಾರ್ ಮುಖ ಅರಳಿತು, ನಾನು ಅವನನ್ನು ಹಣಿಯುತ್ತೇನೆ ಅಂದುಕೊಂಡಿರಬೇಕು.

"ದೊಡ್ಡಮಾವ, ಮೂರನೇ ಸಲ ಕೇಳ್ಬೇಡಿ! ಅವ್ನ ಬಾಯಲ್ಲಿ ಔಷಧಿ ಇದೆ. ಇನ್ನೂ ಏಳು ನಿಮಿಷ ಮಾತಾಡೋ ಹಂಗಿಲ್ಲ. ಮಾತಾಡಿದ್ರೆ ಇವತ್ತಿನ ಡೋಸ್ ಹೋಯ್ತು. ಮೊನ್ನೆ ನಾನೂ ಇದೇ ತಪ್ಪು ಮಾಡ್ದೆ. ಒಳಗೆ ನುಗ್ಗಿ ಅವ್ರಪ್ಪ ಅಮ್ಮನ್ನೆಲ್ಲ ಎಳೆದು ಬೈದೆ, ಉತ್ತರ ಇಲ್ಲ ಅಂತ ಮೆರೆದೆ. ಬಾಯಲ್ಲಿ ಔಷಧಿ ಇಟ್ಕೊಂಡು ಸುಮ್ನೆ ಬೈಸ್ಕೊಂಡ ಈ ಮನುಷ್ಯ!"

"ಮೇಡಂ, ಫಸ್ಟ್ ಸೈನ್ ನಿಮ್ದೇ ಅಲ್ವಾ?" ಎಂದರು ನಂದಕುಮಾರ್.

"ನಂದೇ ಕಣ್ರೀ! ಬಾಗಿಲು ದಾಟಿ ಒಳಗೆ ನೋಡ್ದೆ ಹಾಕಿದ್ದು. ನೀವು ನೋಡಿದೀರಾ? ಇಲ್ಲಿ ಯಾರಾದ್ರೂ ಒಳಗೆ ಹೋಗಿ ನೋಡಿದೀರಾ?"

"ಹಾಗಾದ್ರೆ ಆ ಚಪ್ಪಲಿ?" ಎಂದು ಯಾರೋ ಕೇಳಿದರು. ಚಪ್ಪಲಿ ಕೈಯಲ್ಲೇ ಇತ್ತು. ಎತ್ತಿ ತೋರಿಸಿದೆ, ತೋರಿಸುತ್ತಿದ್ದ ಹಾಗೆಯೇ ನನಗೆ ಹೊಳೆಯಿತು. ನಿಜ ಹೇಳುತ್ತೇನೆ, ಅಲ್ಲಿಯವರೆಗೂ ಹೊಳೆದಿರಲಿಲ್ಲ.

"ಸೂಜಿ ಈ ಚಪ್ಪಲಿಗೆ ಚುಚ್ಚಿದ್ದು ಯುಗಾದಿಗೆ. ಸೆಂಟರ್ ಬಂದಿದ್ದು ಶ್ರಾವಣಕ್ಕೆ! ಅಯ್ಯೋ ನನ್ನ ಬುದ್ಧಿಗಿಷ್ಟು! ಸೆಂಟರ್ ಇಲ್ದಿದ್ದಾಗಲೇ ಅಲ್ವೇನ್ರೀ ಸೂಜಿ ಬಿದ್ದಿದ್ದು? ಈಗ ಆ ಸೈಟಲ್ಲಿ ಸೂಜಿ ಇದ್ಯಾ? ಹಳೇದು ಕೊಟ್ರೇನೇ ಹೊಸದು ಸಿಗೋದು, ಅದಕ್ಕೆ ಅವ್ರೇ ಆರಿಸ್ಕೊಂಡು ಬರ್ತಾರೆ. ಹೋಗಿ ಹುಡುಕ್ರಿ ಬೇಕಾದ್ರೆ!"

ಇಬ್ಬರು ಗಂಡಸರು ನಿಜಕ್ಕೂ ಹುಡುಕಲು ಓಡಿದರು. ನಾನು ಮಾತು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ದೊಡ್ಡಮಾವ ಮೂರನೆಯದು ಕೇಳಿಬಿಡುತ್ತಾರೆ ಎಂಬ ಭಯ. ಮುರುಗೇಶನ ಬೆನ್ನು, ಏಣಿ, ಫ್ಯಾಕ್ಟರಿ, ಎರಡು ಬಸ್ಸು, ಎಲ್ಲ ಹೇಳಿದೆ. ಹೇಳುವುದು ಮುಗಿಯಿತು, ಟೈಮರ್ ಮುಗಿಯಲಿಲ್ಲ! ಬೀದಿದೀಪದ ವಿಚಾರ ತೆಗೆದೆ. ಟ್ಯಾಂಕರ್ ವಿಚಾರ ತೆಗೆದೆ. ಅದೂ ಮುಗಿದು, ದೊಡ್ಡಮಾವನ ಮಗಳ ಮದುವೆಗೆ ನಾನು ಹೊಲಿದ ಹದಿನಾಲ್ಕು ರವಿಕೆಗಳಲ್ಲಿ ಯಾವುದರ ತೋಳು ಬಿಗಿಯಾಗಿತ್ತು ಎನ್ನುವಲ್ಲಿಗೆ ಬಂದೆ. ಜನ ಬಿದ್ದುಬಿದ್ದು ನಗುತ್ತಿದ್ದರು. ನನಗೆ ಬೆವರು ಕಿತ್ತುಕೊಂಡು ಬರುತ್ತಿತ್ತು.

ಟಿಣ್.

ನಾನು ತಟ್ಟನೆ ಬಾಯಿ ಮುಚ್ಚಿದೆ. ತಾಹೆರಾ ಟಾರ್ಚ್ ಹಿಡಿದು ಹೊಸ್ತಿಲಿಗೆ ಬಂದಳು. "ಬಾಯಿ ತೆಗೀರಿ. ನಾಲಿಗೆ ಎತ್ತಿ." ಊರಿಗೆ ಊರೇ ಕತ್ತು ಚಾಚಿ ಮುರುಗೇಶನ ಬಾಯೊಳಗೆ ಇಣುಕಿತು. ತಾಹೆರಾ ಆಯಿತೆಂದು ತಲೆಯಾಡಿಸಿದಳು.

ದೊಡ್ಡಮಾವ ಶಲ್ಯ ಸರಿಮಾಡಿಕೊಂಡರು. "ಈಗ ಮಾತಾಡಪ್ಪ" ಎಂದರು.

ಮೂರು ಸಲ.

ಬಾಯಿಪಾಠ ಮಾಡಿಕೊಂಡದ್ದು ಅವನಿಗೆ ಮರೆತುಹೋಗಿತ್ತು. ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಇವತ್ತಿಗೆ ನಲವತ್ತೊಂಬತ್ತು ದಿನ ಯಜಮಾನ್ರೇ" ಎಂದ. "ಇಲ್ಲಿದ್ರೆ ನೀವೆಲ್ಲ ನನ್ನ ನೋಡ್ತಿರ್ತೀರಾ. ಮುಚ್ಚಿದ್ರೆ ಯಾರೂ ನೋಡ್ದಿರೋ ಜಾಗಕ್ಕೆ ಹೋಗ್ತೀನಿ. ಅದೊಂದೇ ನಂಗೆ ಭಯ."

ಅಷ್ಟೇ. ಮಾಲಾ ಸೆರಗು ಬಾಯಿಗೊತ್ತಿಕೊಂಡಳು. ಹುಡುಕಲು ಹೋಗಿದ್ದ ಇಬ್ಬರೂ ಬರಿಗೈಯಲ್ಲಿ ವಾಪಸ್ ಬಂದು ಗುಂಪಿನ ಹಿಂದೆ ನಿಂತರು.

ದೊಡ್ಡಮಾವ ಬರಿಗೈಯಲ್ಲಿ ಬಂದ ಆ ಇಬ್ಬರ ಕಡೆ ನೋಡಿದರು. ಆಮೇಲೆ ಎದ್ದರು. "ಬಾಗಲೂರಿಗೆ ಒತ್ತಾಯ್ತು. ಬೀಗ ಆಕಲ್ಲ. ಆರು ತಿಂಗಳು ನೋಡೋಣ. ಒಂದು ಸೂಜಿ ಬೀದೀಲಿ ಕಂಡ್ರೂ ಆವತ್ತೇ ಮುಚ್ಚಿಸ್ತೀನಿ. ದಿನಾ ಊರಿನೋರು ಒಬ್ರು ಒಳಗೆ ಕೂತು ನೋಡ್ಬೇಕು." ನನ್ನ ಕಡೆ ಬೆರಳು ತೋರಿಸಿದರು. "ನಾಳೆಯಿಂದ ನೀನೇ ಓಗಮ್ಮ. ಬಾಯಿ ಮುಚ್ಕೊಂಡು ಕೂತ್ಕೋಬೇಕು ಅಷ್ಟೇ."

ನಂದಕುಮಾರ್ ಒಪ್ಪಲಿಲ್ಲ, ಪಟ್ಟಿಯನ್ನು ಮೇಲಿನವರಿಗೆ ಕಳಿಸುತ್ತೇನೆ ಎಂದು ಹೊರಟರು. ಕಳಿಸಿ, ಆದರೆ ನನ್ನ ಹೆಸರನ್ನು ಮೊದಲು ಹೊಡೆದುಹಾಕಿ ಎಂದೆ. ನಮ್ಮ ಯಜಮಾನರು ಮನೆಗೆ ಬಂದ ಮೇಲೂ ರವಿಕೆಯ ವಿಷಯ ತೆಗೆದು ನಗುತ್ತಲೇ ಇದ್ದರು.

ಸೋಮವಾರ ಒಂಬತ್ತೂವರೆಗೆ ನಾನು ಆ ಬೆಂಚಿನ ತುದಿಯಲ್ಲಿ ಕೂತೆ. ತಾಹೆರಾ ಪುಡಿ ಹಾಕಿದಳು, ಟೈಮರ್ ತಿರುಗಿಸಿದಳು. ಹತ್ತು ನಿಮಿಷ ಸುಮ್ಮನಿರುವುದು ಎಷ್ಟು ಕಷ್ಟ ಎಂಬುದು ನಲವತ್ತಾರು ವರ್ಷಕ್ಕೆ ನನಗೆ ಗೊತ್ತಾಯಿತು. ಕೇಳಬೇಕಾದದ್ದು ಬೇಕಾದಷ್ಟಿತ್ತು. ಮಾಲಾ ರಾತ್ರಿ ಉಳಿದುಕೊಂಡಳಾ, ಮಗಳು ಏನಂದಳು, ನನ್ನ ಮೇಲೆ ಕೋಪ ಇಲ್ಲವಾ. ಎದುರಿಗೆ ಕೂತ ಮುರುಗೇಶ ನನ್ನ ಪಾಡು ನೋಡಿ ಕಣ್ಣಲ್ಲೇ ನಗುತ್ತಿದ್ದ. ಅವನ ಪಕ್ಕದಲ್ಲಿ ಬೆಂಚಿನ ಮೇಲೆ ಸ್ಟೀಲಿನ ಊಟದ ಡಬ್ಬಿ ಇತ್ತು. ಡಬ್ಬಿಗೆ ಸುತ್ತಿದ್ದ ಬಟ್ಟೆಗೆ ಹಾಕಿದ್ದು ಹೆಂಗಸು ಕಟ್ಟಿದ ಗಂಟು. ಅದನ್ನು ನೋಡಿದ ಮೇಲೆ ಕೇಳುವುದು ಒಂದು ಕಡಿಮೆಯಾಯಿತು.

ಟೈಮರ್ ಬಡಿಯಿತು. ತಾಹೆರಾ ಟಾರ್ಚ್ ಹಾಕಿ ನೋಡಿದಳು. ಮುರುಗೇಶ ಡಬ್ಬಿ ಎತ್ತಿಕೊಂಡು ನನ್ನ ಮುಂದೆ ನಿಂತ.

"ಐವತ್ತು, ಅಕ್ಕ" ಎಂದ.

ನನಗೆ ಹೇಳಲಾಗದಷ್ಟು ಸಂತೋಷವಾಯಿತು. ಹತ್ತು ನಿಮಿಷದಿಂದ ಕೂಡಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಹೊರಬರಲಿಲ್ಲ.

"ಶಿಫ್ಟಿಗೆ ಹೊತ್ತಾಯ್ತು, ಹೋಗು" ಎಂದೆ.